ಎಂಟು ತಿಂಗಳ ಗ್ಯಾಸ್, ಮತ್ತೆ ಒಂದಷ್ಟು ಥ್ಯಾಂಕ್ಸ್

ಕಳೆದ ಸೋಮವಾರ ಡಾಕ್ಟರು ನನ್ನ ಕೊನೆಯ ಮಾತ್ರೆಯನ್ನೂ ನಿಲ್ಲಿಸಿದರು. ಶುರು ಮಾಡಿ ಹದಿನಾಲ್ಕು ತಿಂಗಳಾಗಿತ್ತು. ಮುಂಬೈಯ ಮುಲುಂಡ್‌ನ ನಮ್ಮ ಹೋಟೆಲಿಗೆ ದಿನಾ ಬರುವವರಿಗೂ ನನಗೆ ಏನಾಗಿತ್ತು ಅಂತ ಸರಿಯಾಗಿ ಗೊತ್ತಿಲ್ಲ. "ಶೆಟ್ರಿಗೆ ಹಾರ್ಟಿನದ್ದಂತೆ" ಅಂತ ಸುದ್ದಿಯಿತ್ತಂತೆ. ಹಾರ್ಟ್ ಗಟ್ಟಿಯಾಗಿದೆ ಮಾರಾಯ್ರೆ. ನಾನು ತೋರಿಸಿದ್ದು ಮನೋವೈದ್ಯರಿಗೆ. ಅದನ್ನು ಹೇಳಿಯೇ ಥ್ಯಾಂಕ್ಸ್ ಹೇಳೋಣ ಅಂತ ಇವತ್ತು ಕೂತಿದ್ದೇನೆ.

ಹತ್ತೊಂಬತ್ತು ವರ್ಷ ಸ್ಟೇಷನ್ ರೋಡಿನಲ್ಲಿ ಗಲ್ಲಾ ಮೇಲೆ ಕೂತವನು ನಾನು. 2023ರ ದೀಪಾವಳಿ ಕಳೆದದ್ದೇ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಯಿತು. ಹೋಟೆಲು ಒಳಗಿನ ಗಲ್ಲಿಗೆ ಬಂತು. ಗಿರಾಕಿ ಅರ್ಧ ಆದರು, ಬಾಡಿಗೆ ಜಾಸ್ತಿ ಆಯಿತು. ಮೂವರು ಹುಡುಗರು ಬೇರೆ ಕಡೆ ಸೇರಿದರು. ಮಗ ಕೆಲಸ ಅಂತ ಪುಣೆಗೆ ಹೋದ. ನೋಡಿ, ಇದರಲ್ಲಿ ಯಾರೂ ಸತ್ತಿಲ್ಲ, ಯಾವುದೂ ಮುಳುಗಿಲ್ಲ. ಎಲ್ಲರ ಮನೆಯಲ್ಲೂ ಆಗುವಂಥದ್ದೇ. ಅದಕ್ಕೇ ನನಗೆ ಕಾಯಿಲೆ ಅಂತ ಅನ್ನಿಸಲೇ ಇಲ್ಲ.

ರಾತ್ರಿ ಎರಡೂವರೆಗೆ ಎಚ್ಚರ ಆಗುತ್ತಿತ್ತು. ಎದೆ ಬಿಗಿತ, ಬೆರಳ ತುದಿಯಲ್ಲಿ ಜುಮುಜುಮು, ಕೈ ಮಂಜುಗಡ್ಡೆ. ಈಗ ಸತ್ತೇ ಹೋದೆ ಅನ್ನಿಸುವುದು. ಹತ್ತು ಹದಿನೈದು ನಿಮಿಷದಲ್ಲಿ ಇಳಿಯುತ್ತಿತ್ತು. ಹೆಂಡತಿ ಕೇಳಿದರೆ "ಗ್ಯಾಸ್" ಅನ್ನುತ್ತಿದ್ದೆ. ಓಮದ ನೀರು, ಜೀರಿಗೆ, ಸೋಡಾ ಎಲ್ಲ ಆಯಿತು. ಎಂಟು ತಿಂಗಳು ಎಲ್ಲರಿಗೂ ಅದೊಂದೇ ಉತ್ತರ. ಹೋಟೆಲಿನವನು ಗ್ಯಾಸ್ ಅಂದರೆ ಯಾರು ತಾನೇ ಅನುಮಾನಪಡುತ್ತಾರೆ?

ಅನುಮಾನಪಟ್ಟವರು ನಮ್ಮ ಅಡುಗೆ ಭಟ್ಟರು. ಅವರಿಗೆ ಮೊದಲ ಥ್ಯಾಂಕ್ಸ್. ಒಂದು ಮಧ್ಯಾಹ್ನ, ಊಟದ ರಶ್ಶಿನ ನಡುವೆಯೇ ಗಲ್ಲಾ ಬಿಟ್ಟು ಸ್ಟೋರ್ ರೂಮಿಗೆ ಓಡಿ ಅಕ್ಕಿ ಚೀಲದ ಮೇಲೆ ಕೂತಿದ್ದೆ. ಉಸಿರು ಸಿಗುತ್ತಿರಲಿಲ್ಲ. ಭಟ್ಟರು ಬಂದರು. ಏನಾಯಿತು ಅಂತ ಕೇಳಲಿಲ್ಲ. ಸಾಂಬಾರಿನ ಸಣ್ಣ ಈರುಳ್ಳಿಯ ಬುಟ್ಟಿ ಮುಂದಿಟ್ಟು, "ಶೆಟ್ರೇ, ಇದನ್ನೊಂದು ಸುಲಿದು ಕೊಡಿ" ಅಂದರು. ತಾವೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಹೊರಗೆ ಆರ್ಡರ್ ಕೂಗುತ್ತಲೇ ಇದ್ದರು. ನಾವಿಬ್ಬರೂ ಈರುಳ್ಳಿ ಸುಲಿದೆವು. ಸಿಪ್ಪೆ ಉಗುರಿಗೆ ಅಂಟುತ್ತಿತ್ತು, ಕಣ್ಣು ಉರಿಯುತ್ತಿತ್ತು. ಅರ್ಧ ಕಿಲೋ ಆಗುವಷ್ಟರಲ್ಲಿ ಎದೆ ಹಗುರಾಯಿತು. ಏಳುವಾಗ ಭಟ್ಟರು ಒಂದೇ ಮಾತು ಹೇಳಿದರು: "ಗ್ಯಾಸಿಗೆ ಹೀಗೆಲ್ಲ ಕೈ ನಡುಗೋದಿಲ್ಲ."

ಆಮೇಲೆ ನಮ್ಮ ಫ್ಯಾಮಿಲಿ ಡಾಕ್ಟರು. ಇಸಿಜಿ, ಥೈರಾಯ್ಡ್, ಶುಗರ್, ರಕ್ತ ಎಲ್ಲ ನೋಡಿ, "ಶರೀರದಲ್ಲಿ ಏನೂ ಇಲ್ಲ, ಹಾಗಂತ ನಿಮಗೆ ಏನೂ ಆಗಿಲ್ಲ ಅಂತ ನಾನು ಹೇಳುವುದಿಲ್ಲ" ಅಂದರು. ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದ ಹಾಗೆ ಬರುವ ವಿಪರೀತ ಹೆದರಿಕೆ, ಅನ್ನುವ ಹೆಸರು ಕೇಳಿದ್ದು ಅವತ್ತೇ. ಚೀಟಿ ಬರೆದು ಮನೋವೈದ್ಯರ ಹತ್ತಿರ ಕಳಿಸಿದರು. ಆ ಚೀಟಿ ಹದಿನೈದು ದಿನ ನನ್ನ ಕಿಸೆಯಲ್ಲೇ ಇತ್ತು. ಗುರುತಿನವರು ನೋಡಿದರೆ?

ಒಂದು ರಾತ್ರಿ ತಡೆಯಲಾರದೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಸರಕಾರದ್ದೇ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ. ಕನ್ನಡವನ್ನೂ ಆರಿಸಬಹುದು. ಮೂವತ್ತು ವರ್ಷ ಮುಂಬೈಯಲ್ಲಿದ್ದು ಹಿಂದಿ, ಮರಾಠಿಯಲ್ಲಿ ವ್ಯಾಪಾರ ಮಾಡಿದವನು. ಆದರೆ "ನನಗೆ ಹೆದರಿಕೆ ಆಗ್ತಾ ಉಂಟು" ಅನ್ನುವುದು ಹಿಂದಿಯಲ್ಲಿ ಬಾಯಿಗೆ ಬರುವುದಿಲ್ಲ. ಆ ಕಡೆಯ ತಂಗಿ ಯಾರೋ, ಯಾವ ಊರೋ. ಇಪ್ಪತ್ತು ನಿಮಿಷ ಕೇಳಿಸಿಕೊಂಡಳು. "ಚೀಟಿ ಇದೆಯಲ್ಲ ಸರ್, ನಾಳೆ ಹೋಗಿ" ಅಂದಳು. ಹೋದೆ.

ಮಾತ್ರೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು. ಮೊದಲ ಹತ್ತು ದಿನ ದೋಸೆ ವಾಸನೆಗೇ ವಾಂತಿ ಬರುವ ಹಾಗಾಗುತ್ತಿತ್ತು. ಡಾಕ್ಟರು ಮೊದಲೇ ಹೇಳಿದ್ದರು, ಕೆಲಸ ಮಾಡಲು ಎರಡು ವಾರದಿಂದ ಆರು ವಾರ ಬೇಕು ಅಂತ. ನನಗೆ ನಾಲ್ಕನೇ ವಾರ ನಿದ್ದೆ ಬಂತು. ಒಂದು ತಪ್ಪು ಮಾಡಿದೆ. ಮೂರನೇ ತಿಂಗಳಲ್ಲಿ ಆರಾಮಾಯಿತು ಅಂತ ನಾನೇ ನಿಲ್ಲಿಸಿದೆ. ನವರಾತ್ರಿ ಸಮಯ. ತಲೆ ತಿರುಗು, ತಲೆಯೊಳಗೆ ಕರೆಂಟು ಹೊಡೆದ ಹಾಗೆ. ಡಾಕ್ಟರು ಬೈಯಲಿಲ್ಲ, ಮತ್ತೆ ಶುರು ಮಾಡಿಸಿದರು. ಈ ಸಲ ನಿಲ್ಲಿಸಿದ್ದು ಎರಡು ತಿಂಗಳು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತಾ.

ಕೌನ್ಸೆಲರ್ ಮೇಡಂ ಮೊದಲು ಕೇಳಿದ್ದು ಕಾಫಿ ಲೆಕ್ಕ. ದಿನಕ್ಕೆ ಒಂಬತ್ತು! ಈಗ ಎರಡು, ಮಧ್ಯಾಹ್ನದ ಮೇಲೆ ಇಲ್ಲ. ಚಿಂತೆಗಳನ್ನೆಲ್ಲ ಸಂಜೆ ಐದರಿಂದ ಕಾಲು ಗಂಟೆ ಮಾತ್ರ ಬರೆಯಬೇಕು ಅಂದರು. ಸುಮ್ನೆ ಮಕ್ಕಳಾಟ ಅನ್ನಿಸಿತ್ತು. ಬಿಲ್ ಬುಕ್ಕಿನ ಹಿಂಬದಿಯಲ್ಲಿ ಬರೆದೆ. "ಬಾಡಿಗೆ" ಅಂತ ಹನ್ನೊಂದು ಸಲ, "ಮಗ ಊಟ ಮಾಡಿದನಾ" ಅಂತ ಏಳು ಸಲ. ಎಣಿಸಿದ ಮೇಲೆ ನಗು ಬಂತು.

ನಮ್ಮ ಖಾಯಂ ಗಿರಾಕಿ ಮೇಷ್ಟ್ರಿಗೂ ನಮಸ್ಕಾರ. ಗಲ್ಲಾ ಎದುರು ನಿಂತು, ಹತ್ತು ಜನ ಕೇಳುವ ಹಾಗೆ, "ನಾನೂ ಎರಡು ವರ್ಷ ಈ ಮಾತ್ರೆ ತಗೊಂಡಿದ್ದೇನೆ, ಶೆಟ್ರೇ" ಅಂದವರು ಅವರು. ಊರಲ್ಲಿ ನನ್ನ ಅಮ್ಮ ಹಾಯ್ಗುಳಿ ದೈವಕ್ಕೆ ಹರಕೆ ಹೇಳಿಕೊಂಡಿದ್ದರಂತೆ. ಮಾತ್ರೆ ಬಿಡು ಅಂತ ಮಾತ್ರ ಒಮ್ಮೆಯೂ ಹೇಳಲಿಲ್ಲ. ಆ ಜಾಣತನ ಓದಿದವರಲ್ಲೂ ಎಲ್ಲರಿಗೂ ಇಲ್ಲ, ಅಲ್ವಾ?

ಹೆಂಡತಿಯ ವಿಷಯ ಬರೆದರೆ ಅವಳಿಗೆ ನಾಚಿಕೆ. ಒಂದು ಹೇಳುತ್ತೇನೆ. ಹೋದ ವರ್ಷ ಊರಿಗೆ ಹೋಗಲು ನನಗೆ ಹೆದರಿಕೆ. ರೈಲಿನಲ್ಲಿ ರತ್ನಗಿರಿಗೆ ಮೊದಲು ಕರ್ಬುಡೆ ಸುರಂಗ ಬರುತ್ತದಲ್ಲ, ಆರೂವರೆ ಕಿಲೋಮೀಟರ್, ಅಲ್ಲಿ ಅಟ್ಯಾಕ್ ಬಂದರೆ ಇಳಿಯುವುದೆಲ್ಲಿ? ಅವಳು ನನ್ನನ್ನು ಮತ್ಸ್ಯಗಂಧ ರೈಲು ಹತ್ತಿಸಿದಳು. ಸುರಂಗ ಬಂದಾಗ ನನ್ನ ಕೈ ಹಿಡಿದು, ಒಳಗೆಳೆದದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿಸಿದಳು. ಅವಳ ಇನ್ನೊಂದು ಕೈಯಲ್ಲಿ ಚಕ್ಕುಲಿ ಇತ್ತು. ಈ ಮೇ ತಿಂಗಳಲ್ಲಿ ಮತ್ತೆ ಹೋದೆವು. ಕರ್ಬುಡೆ ಯಾವಾಗ ಕಳೆಯಿತು ಅಂತ ನನಗೆ ಗೊತ್ತಿಲ್ಲ, ಚಕ್ಕುಲಿಯ ಬಗ್ಗೆ ಜಗಳ ಆಡುತ್ತಿದ್ದೆವು.

ನಿಮಗೂ ಇಂಥ "ಗ್ಯಾಸ್" ಇದ್ದರೆ, ಮಾತಾಡಬೇಕು ಅನ್ನಿಸಿದರೆ, ಹೋಟೆಲಿಗೆ ಬನ್ನಿ. ಮೂರು ಗಂಟೆಯ ಮೇಲೆ ಬನ್ನಿ, ಒಂದು ಗಂಟೆಗೆ ಬಂದರೆ ಭಟ್ಟರು ಈರುಳ್ಳಿ ಸುಲಿಯಲು ಕೂರಿಸುತ್ತಾರೆ. ಕಾಫಿ ನನ್ನ ಲೆಕ್ಕ. ಒಂದೇ ಕೊಡುವುದು.