ಸಿಸ್ಟರ್ ಸರ್ ಬರೆದ ಪತ್ರ

ಪ್ರೀತಿಯ ಗೆಳೆಯಾ,

ಹಾವೇರಿ ಕಡೆಯ ವಸತಿ ಶಾಲೆಗೆ ನರ್ಸ್ ಆಗಿ ಹೋಗುತ್ತಿದ್ದೀಯಂತೆ. ಸುದ್ದಿ ನಿನ್ನಿಂದ ಬರಲಿಲ್ಲ, ನಿಮ್ಮ ಅವ್ವನಿಂದ ಬಂತು. ಆ ಜಗಳ ಆಮೇಲೆ. "ಜ್ವರಕ್ಕೆ ಮಾತ್ರೆ, ಗಾಯಕ್ಕೆ ಪಟ್ಟಿ, ಇನ್ನೇನಿರುತ್ತದೆ? ರಾತ್ರಿ ಪಾಳಿಯಂತೂ ತಪ್ಪಿತು" ಎಂದೆಯಂತೆ. ನಾನೂ ಹಾಗೆಂದುಕೊಂಡೇ ಎಂಟು ತಿಂಗಳ ಹಿಂದೆ ಹುಬ್ಬಳ್ಳಿಯ ಆಸ್ಪತ್ರೆ ಬಿಟ್ಟು, ಇಲ್ಲಿಯ ವಸತಿ ಶಾಲೆಯ ನರ್ಸ್ ಕೆಲಸಕ್ಕೆಂದು ಮುಂಡರಗಿ ಬಸ್ ಹತ್ತಿದ್ದೆ.

ಮೊದಲು ಹೆಸರಿನ ಸಂಗತಿ. ನನಗಿಂತ ಮುಂಚೆ ಇಲ್ಲಿದ್ದವರು ಹೆಣ್ಣುಮಗಳು, ಮಕ್ಕಳ ಬಾಯಿಗೆ ಸಿಸ್ಟರ್ ಎಂಬುದೇ ರೂಢಿ. ನನ್ನನ್ನು ಏನೆನ್ನಬೇಕೆಂದು ಎರಡು ದಿನ ತಡವರಿಸಿದರು. ಮೂರನೆಯ ದಿನ ಆರನೆಯ ತರಗತಿಯವನೊಬ್ಬ "ಸಿಸ್ಟರ್ ಸರ್" ಎಂದು ಕೂಗಿದ. ಈಗ ಅಡುಗೆಯವರೂ ಹಾಗೆಯೇ ಕರೆಯುತ್ತಾರೆ. ನಿನ್ನ ಗತಿಯೂ ಇದೇ, ಈಗಿನಿಂದಲೇ ಕಿವಿ ಗಟ್ಟಿ ಮಾಡಿಕೊ.

ವಾರ್ಡಿನಲ್ಲಿ ರೋಗಿಯ ಜೊತೆಗೇ ಕೇಸ್ ಶೀಟ್ ಬರುತ್ತಿತ್ತು. ಡಾಕ್ಟರು ಬರೆದದ್ದನ್ನು ಮಾಡುತ್ತಿದ್ದೆವು, ಸಂಶಯ ಬಂದರೆ ಫೋನ್. ಇಲ್ಲಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹತ್ತು ಹನ್ನೆರಡು ಮಕ್ಕಳು ಬಾಗಿಲಲ್ಲಿ ನಿಂತಿರುತ್ತಾರೆ, ಮುಕ್ಕಾಲು ಪಾಲು ಹೊಟ್ಟೆನೋವು. ಯಾವುದು ಗಣಿತ ಪರೀಕ್ಷೆಯ ನೋವು, ಯಾವುದು ಊರು ನೆನಪಾದ ನೋವು, ಯಾವುದು ಎರಡು ದಿನದಿಂದ ಪಾಯಿಖಾನೆಗೆ ಹೋಗದ ನೋವು, ಯಾರನ್ನು ಈಗಲೇ ಗದಗಿನ ಆಸ್ಪತ್ರೆಗೆ ಒಯ್ಯಬೇಕು, ಹೇಳುವವರು ಯಾರೂ ಇಲ್ಲ. ಮಲಗಿಸಿ ಹೊಟ್ಟೆ ಮುಟ್ಟಿ ನೋಡುತ್ತೇನೆ, ಜ್ವರ ನೋಡುತ್ತೇನೆ, ಒಮ್ಮೆ ಜಿಗಿ ಎನ್ನುತ್ತೇನೆ. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಕ್ಕೆ ಸರಿದಿದ್ದರೆ, ಜಿಗಿಯಲು ಹೋಗಿ ಮುಖ ಕಿವುಚಿದರೆ, ಮತ್ತೆ ಯೋಚನೆಯಿಲ್ಲ, 108ಕ್ಕೆ ಕರೆ. ಉಳಿದವರು ಅರ್ಧ ಗಂಟೆ ನನ್ನ ಕಣ್ಣೆದುರಿನ ಬೆಂಚಿನ ಮೇಲೆ. ಅಲ್ಲಿ ಕುಳಿತು ಪಕ್ಕದವನ ಜೊತೆ ಗುದ್ದಾಟಕ್ಕಿಳಿದವನನ್ನು ತರಗತಿಗೆ ಅಟ್ಟುತ್ತೇನೆ.

ನೀಲಿ ಮಾತ್ರೆಯ ಕಥೆ ಹೇಳಲೇಬೇಕು, ನನ್ನ ಮಾನ ಹೋದರೂ ಸರಿ. ಹತ್ತು ವರ್ಷ ದಾಟಿದವರಿಗೆ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆ ನಿನಗೆ ಗೊತ್ತಲ್ಲ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಎಲ್ಲರೂ ಒಂದೇ ಕಡೆ ಸಿಗುತ್ತಾರೆಂದು ಸೋಮವಾರದ ಪ್ರಾರ್ಥನೆಯ ಸಾಲಿನಲ್ಲೇ ಹಂಚಿದೆ. ರಿಜಿಸ್ಟರಿನಲ್ಲಿ ನೂರಕ್ಕೆ ನೂರು, ನನಗೋ ಹೆಮ್ಮೆ. ನಾಲ್ಕನೆಯ ಸೋಮವಾರ ಸಂಜೆ ಮಳೆ ಬಂತು. ಮರುದಿನ ನೋಡಿದರೆ ಬೇವಿನ ಮರದ ಬುಡದ ಮಣ್ಣು ಅಲ್ಲಲ್ಲಿ ನೀಲಿ. ಕೆದಕಿದೆ. ಸಕ್ಕರೆಯ ಲೇಪ ಕರಗಿ ಒಳಗಿನ ತಿರುಳು ಕಾಣುತ್ತಿದ್ದ ಮಾತ್ರೆಗಳು, ಬೊಗಸೆ ತುಂಬ.

ಬೈದಿದ್ದರೆ ಮರ ಬದಲಾಗುತ್ತಿತ್ತು, ಅಷ್ಟೇ. ಏಳನೆಯ ತರಗತಿಯ ಹುಡುಗಿಯೊಬ್ಬಳನ್ನು ಮೆಲ್ಲಗೆ ಕೇಳಿದೆ. ಖಾಲಿ ಹೊಟ್ಟೆಗೆ ನುಂಗಿದರೆ ಓಕರಿಕೆ ಬರುತ್ತದೆ, ಮರುದಿನ ಮಲ ಕಪ್ಪಾಗುತ್ತದೆ, ಒಳಗೆ ರಕ್ತ ಸುಡುತ್ತಿದೆ ಎಂದು ದೊಡ್ಡ ಹುಡುಗಿಯರು ಹೇಳಿದ್ದಾರೆ ಎಂದಳು. ಓಕರಿಕೆಯೂ ನಿಜ, ಕಪ್ಪೂ ನಿಜ. ರಕ್ತದ ಮಾತೊಂದು ಸುಳ್ಳು. ಊಟವಾದ ಮೇಲೆ ಕೊಡಬೇಕೆಂಬುದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು! ಈಗ ಸೋಮವಾರ ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ ಊಟದ ಮನೆಯಲ್ಲೇ ಕೊಡುತ್ತೇನೆ. ಮೊದಲ ಮಾತ್ರೆ ನನ್ನದು. ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲವಾದ್ದರಿಂದ ಅಂದಿನ ಚಹಾ ಎರಡು ತಾಸು ತಡ. ಕಪ್ಪು ಮಲದ ವಿಷಯವನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ, ನಗಲಿ.

ಮುಟ್ಟಿನ ನೋವನ್ನು ನಮ್ಮ ಮುಂದೆ ಯಾವ ಹುಡುಗಿಯೂ ಹೇಳುವುದಿಲ್ಲ. "ತಲೆನೋವು ಸರ್" ಎಂದು ನೆಲ ನೋಡುತ್ತಾರೆ. ಪ್ಯಾಡಿನ ಪೆಟ್ಟಿಗೆಯನ್ನೂ ಬಿಸಿನೀರಿನ ಚೀಲವನ್ನೂ ಅಡುಗೆಯ ಮೌಶಿಯ ಕೋಣೆಯಲ್ಲಿಟ್ಟೆ. ಪೆಟ್ಟಿಗೆ ಖಾಲಿಯಾದರೆ ಮೌಶಿ ಹೇಳುತ್ತಾರೆ, ನಾನು ತುಂಬುತ್ತೇನೆ. ಯಾರು ಒಯ್ದರೆಂದು ಕೇಳುವುದಿಲ್ಲ. ಇನ್ನು ಕಜ್ಜಿ: ಒಬ್ಬನಿಗೆ ಬಂದರೆ ಕೋಣೆಯವರೆಲ್ಲರಿಗೂ ಒಂದೇ ರಾತ್ರಿ ಪರ್ಮೆಥ್ರಿನ್ ಮುಲಾಮು ಹಚ್ಚು, ಹೊದಿಕೆಗಳನ್ನು ಬಿಸಿನೀರಿಗೆ ಹಾಕು. ಒಬ್ಬೊಬ್ಬರಿಗೇ ಹಚ್ಚುತ್ತ ಹೋದರೆ ವರ್ಷವಿಡೀ ಹಚ್ಚುತ್ತಲೇ ಇರುತ್ತೀಯ.

ಈ ಸೀಮೆಯ ಇನ್ನೊಂದು ಸಂಗತಿ ಹಲ್ಲು. ಮುಂಡರಗಿ ಸುತ್ತಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ. ನಗುವಾಗ ಕೈ ಅಡ್ಡ ಹಿಡಿಯುವ ಹುಡುಗನೊಬ್ಬನಿದ್ದಾನೆ. ಒಂದು ದಿನ ಹಲ್ಲಿನ ಕಂದು ಪಟ್ಟೆ ಹೋಗಲೆಂದು ಇದ್ದಿಲ ಪುಡಿಯಿಂದ ತಿಕ್ಕಿ ತಿಕ್ಕಿ ವಸಡಿನಲ್ಲಿ ರಕ್ತ ಬರಿಸಿಕೊಂಡು ಬಂದ. ಇದು ಕೊಳೆಯಲ್ಲ, ಹಲ್ಲು ದವಡೆಯೊಳಗೆ ಬೆಳೆಯುತ್ತಿದ್ದಾಗ ಕುಡಿದ ನೀರಿನ ಗುರುತು, ತಿಕ್ಕಿದರೆ ಹೋಗುವುದಿಲ್ಲ ಎಂದೆ. ಅಳುತ್ತಾನೆಂದುಕೊಂಡೆ. "ನನ್ನ ತಂಗಿಗೆ ಇನ್ನೂ ಹಾಲುಹಲ್ಲು, ಅವಳಿಗೆ?" ಎಂದ. ಶುದ್ಧ ನೀರಿನ ಘಟಕದಿಂದಲೇ ಅವಳಿಗೆ ಕುಡಿಯುವ ನೀರು ತರಲು ಮನೆಯಲ್ಲಿ ಹೇಳು ಎಂದೆ. ಪಾಲಕರು ಬಂದ ಭಾನುವಾರ ಅವ್ವ ಗಂಟಿನಿಂದ ಶೇಂಗಾ ಹೋಳಿಗೆ ತೆಗೆಯುತ್ತಿದ್ದರೆ ಇವನು ಅದನ್ನು ನೋಡದೆ ನೀರಿನ ಮಾತನ್ನೇ ಎತ್ತಿದ್ದ.

ನೀನು ಹಾಜರಾದ ದಿನವೇ ತೂಕದ ಯಂತ್ರ ಕೇಳು. ನನಗೆ ತೋರಿಸಿದ್ದು ಅಕ್ಕಿ ಮೂಟೆ ತೂಗುವ ತಕ್ಕಡಿ. ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ ತಾನೆ? ತೂಕ ತಿಳಿಯದೆ ಅರ್ಧ, ಒಂದು ಎಂದು ಅಂದಾಜಿಗೆ ಕೊಡಬೇಡ. ಉಬ್ಬಸ, ಫಿಟ್ಸ್ ಇರುವವರ ಪಟ್ಟಿ ಕಚೇರಿಯಲ್ಲಿ ಸಿಗುವುದಿಲ್ಲ. ಸೀಟು ತಪ್ಪೀತೆಂದು ಪಾಲಕರು ಮುಚ್ಚಿಡುತ್ತಾರೆ. ಪಕ್ಕದಲ್ಲಿ ಮಲಗುವವರನ್ನು ಕೇಳು, ಅವರಿಗೆ ಎಲ್ಲ ಗೊತ್ತಿರುತ್ತದೆ. ನಮ್ಮ ಉಬ್ಬಸದ ಹುಡುಗಿಯ ಹೆಸರು ನನಗೆ ಸಿಕ್ಕಿದ್ದು ಹಾಗೆಯೇ.

ಅವಳ ಇನ್ಹೇಲರಿಗೆ ಸ್ಪೇಸರ್ ಬೇಕು, ಔಷಧಿ ಬಾಯಲ್ಲೇ ಉಳಿಯದೆ ಎದೆಗಿಳಿಯಲೆಂದು ಮುಂದೆ ಸಿಕ್ಕಿಸುವ ಕೊಳವೆ, ಇಲ್ಲಿಯ ಔಷಧಿ ಅಂಗಡಿಯಲ್ಲಿ ಸಿಗಲಿಲ್ಲ. ಹುಬ್ಬಳ್ಳಿ ಬಿಡುವ ಮುನ್ನ ಒಂದು ಕೊಂಡು ಮುಂಡರಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸು, ನಿಲ್ದಾಣಕ್ಕೆ ಬಂದು ಇಸಿದುಕೊಳ್ಳುತ್ತೇನೆ. ದುಡ್ಡು ಮೊಬೈಲಿಗೆ ಹಾಕುತ್ತೇನೆ, ಬೇಡ ಎನ್ನಬೇಡ.

ನಿನ್ನ,
ರಾತ್ರಿ ಪಾಳಿಯ ಜೊತೆಗಾರ