ದುಡ್ಡು ತಾರೀಖು ನೋಡಿಯೋ, ಕೆಲಸ ನೋಡಿಯೋ?

ಮಾನ್ಯ ಸಂಪಾದಕರೇ,

ಬೇರೆ ದೇಶಗಳಿಗೆ ಸಾಲ ಕೊಟ್ಟು ರಸ್ತೆ, ರೈಲು, ಬಂದರು ಕಟ್ಟಿಸುವ ಚೀನಾದ ಬೆಲ್ಟ್ ಅಂಡ್ ರೋಡ್ ಯೋಜನೆಯ ಮಾತು ಬಂದರೆ ಸಾಕು, 'ಅದು ಸಾಲದ ಬಲೆ, ಸಣ್ಣ ದೇಶಗಳು ಹೋಗಿ ಬಿದ್ದವು' ಅಂದುಬಿಡುತ್ತೇವೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಆ ದೇಶಗಳಲ್ಲೂ ಲೆಕ್ಕ ಬಲ್ಲವರು ಇರುತ್ತಾರೆ, ಅಲ್ವಾ?

ಇಪ್ಪತ್ತೆಂಟು ವರ್ಷ ಸರ್ಕಾರಿ ಕಾಮಗಾರಿಗಳ ಬಿಲ್ ನೋಡಿದವಳು ನಾನು. ಅಳತೆ ಪುಸ್ತಕದಲ್ಲಿ ಕೆಲಸ ದಾಖಲಾಗದೆ ಬಿಲ್ ಪಾಸು ಮಾಡಬಾರದು ಅನ್ನುವುದು ಅಲ್ಲಿ ಕಲಿತ ಮೊದಲ ಪಾಠ. ಹಾಗಾಗಿ 2018ರಲ್ಲಿ ಮಲೇಷ್ಯಾದ ಸುದ್ದಿ ಓದಿ ಬೆಚ್ಚಿದ್ದೆ. ಚೀನಾದ ಕಂಪನಿ ಹಾಕಬೇಕಿದ್ದ ಎರಡು ಪೈಪ್‌ಲೈನ್‌ಗಳಿಗೆ ಶೇ 88ರಷ್ಟು ಹಣ ಪಾವತಿಯಾಗಿತ್ತು. ಆಗಿದ್ದ ಕೆಲಸ ಶೇ 13! ಕರಾರೇ ಹಾಗಿತ್ತು. ಕೆಲಸ ನೋಡಿ ಅಲ್ಲ, ತಾರೀಖು ನೋಡಿ ದುಡ್ಡು. ಅದಕ್ಕೆ ಒಪ್ಪಿದ್ದು ಅಲ್ಲಿನದೇ ಹಿಂದಿನ ಸರ್ಕಾರ.

ಆಗಷ್ಟೇ ಪ್ರಧಾನಿಯಾಗಿದ್ದ ಮಹಾತಿರ್ ಮೊಹಮದ್ ಅದನ್ನು ನಿಲ್ಲಿಸಿದರು. ಪೂರ್ವ ಕರಾವಳಿಯ ರೈಲು ಮಾರ್ಗವನ್ನೂ ತಡೆದರು. ಆದರೆ ಜಗಳಕ್ಕೆ ಹೋಗಲಿಲ್ಲ, ಚೌಕಾಸಿಗೆ ಕೂತರು. 6,550 ಕೋಟಿ ರಿಂಗಿಟ್ ಇದ್ದ ರೈಲಿನ ವೆಚ್ಚ 2019ರ ಏಪ್ರಿಲ್‌ನಲ್ಲಿ 4,400 ಕೋಟಿಗೆ ಇಳಿಯಿತು. ಮ್ಯಾನ್ಮಾರ್ ಕೂಡ ತನ್ನ ಕ್ಯಾಕ್‌ಪ್ಯೂ ಬಂದರನ್ನು 730 ಕೋಟಿ ಡಾಲರ್‌ನಿಂದ 130 ಕೋಟಿಗೆ ಇಳಿಸಿಕೊಂಡಿತು. ಆ ಮಾತುಕತೆಗೆ ಅಮೆರಿಕ ತನ್ನ ವಕೀಲರನ್ನೂ ಅರ್ಥತಜ್ಞರನ್ನೂ ಕಳಿಸಿ ನೆರವಾಗಿತ್ತು.

ಚೀನಾದ ಸಾಲದಲ್ಲಿ ಕಟ್ಟಿದ ಶ್ರೀಲಂಕಾದ ಹಂಬನ್‌ತೋಟ ಬಂದರು 2017ರಲ್ಲಿ ಚೀನಾದ ಕಂಪನಿಗೆ 99 ವರ್ಷದ ಗುತ್ತಿಗೆಗೆ ಹೋಯಿತು, ನಿಜ. ಆದರೆ ಬಂದ ಸುಮಾರು 112 ಕೋಟಿ ಡಾಲರ್‌ನಿಂದ ಬಂದರಿನ ಸಾಲ ತೀರಲಿಲ್ಲ. ಅದು ಡಾಲರ್ ಕೊರತೆ ತುಂಬಲು ಹೋಯಿತು. ಚೀನಾದ ಸಾಲಕ್ಕಿಂತ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಎತ್ತಿದ ಸಾಲವೇ ಅಲ್ಲಿ ಜಾಸ್ತಿ ಇತ್ತು.

ಇನ್ನು ನಾವು. ಈ ಯೋಜನೆಯ ಬಗ್ಗೆ 2017ರಲ್ಲಿ ಬೀಜಿಂಗ್‌ನಲ್ಲಿ ನಡೆದ ಸಭೆಗೆ ಭಾರತ ಹೋಗದಿದ್ದದ್ದು ಸರಿಯೇ. ಪಾಕ್ ಆಕ್ರಮಿತ ಕಾಶ್ಮೀರದಲ್ಲಿ ಹಾಯುವ ಅದರ ರಸ್ತೆಗೆ ಹೇಗೆ ಹೂಂ ಅನ್ನುವುದು? ಆದರೆ ಬೇಡ ಅಂದ ಮೇಲೆ ನಮ್ಮ ಕೆಲಸವನ್ನಾದರೂ ಹೊತ್ತಿಗೆ ಮುಗಿಸಬೇಕು. ಮ್ಯಾನ್ಮಾರ್‌ನ ಸಿತ್ವೆ ಬಂದರಿನಿಂದ ನದಿ, ರಸ್ತೆ ಹಿಡಿದು ಮಿಜೋರಾಂ ತಲುಪಬೇಕಾದ ಭಾರತದ ಕಾಲಾದಾನ್ ಯೋಜನೆಗೆ ಮ್ಯಾನ್ಮಾರ್ ಜೊತೆ ಸಹಿಯಾಗಿದ್ದು 2008ರಲ್ಲಿ. ಸಿತ್ವೆ ಬಂದರಿಗೆ ಮೊದಲ ಸರಕು ಹಡಗು ಬಂದಿದ್ದು 2023ರಲ್ಲಿ. ರಸ್ತೆ ಇನ್ನೂ ಮುಗಿದಿಲ್ಲ. ಅಲ್ಲಿನ ಅಂತರ್ಯುದ್ಧ ಕಾರಣ ಅನ್ನುತ್ತಾರೆ. ಸೇನೆ ಅಧಿಕಾರ ಕಿತ್ತುಕೊಂಡಿದ್ದು 2021ರಲ್ಲಿ. ಅದಕ್ಕೂ ಮುಂಚಿನ ಹನ್ನೆರಡು ವರ್ಷ?

ನೇಪಾಳ, ಮಾಲ್ಡೀವ್ಸ್ ಕೇಳಿದರೆ ಕರಾರು ಓದಬಲ್ಲವರನ್ನು ನಾವೂ ಕಳಿಸೋಣ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಜೀವಮಾನವೆಲ್ಲ ಬಿಲ್ ನೋಡಿ ನಿವೃತ್ತರಾದವರು ದೇಶದಲ್ಲಿ ಎಷ್ಟೋ ಜನ ಇದ್ದಾರೆ. ಕರೆದರೆ ನಾನೂ ಹೊರಡುತ್ತೇನೆ.

ಇಂತಿ,
ಒಬ್ಬ ನಿವೃತ್ತ ಲೆಕ್ಕ ಸಹಾಯಕಿ