ಪ್ರತಿ ಗಡೀಪಾರು ವಿಮಾನದಲ್ಲೂ ಒಂದು ಸೀಟು ಬಿಡಿ

ವಿಯೆನ್ನಾ, ಮೇ 2025

ಮಾನ್ಯ ಮಾಗ್ನುಸ್ ಬ್ರುನ್ನರ್ ಅವರಿಗೆ,
ಆಂತರಿಕ ವ್ಯವಹಾರ ಮತ್ತು ವಲಸೆ ಆಯುಕ್ತರು, ಯುರೋಪಿಯನ್ ಕಮಿಷನ್, ಬ್ರಸೆಲ್ಸ್

ನಮಸ್ಕಾರ.

ನೀವು ಆಸ್ಟ್ರಿಯಾದವರು, ಇಲ್ಲೇ ಹಣಕಾಸು ಮಂತ್ರಿಯಾಗಿದ್ದವರು. ಮರಿಯಾಹಿಲ್ಫರ್ ಸ್ಟ್ರಾಸೆಯಲ್ಲಿ, ಮ್ಯೂಸಿಯಂ ಕ್ವಾರ್ಟಿಯರ್ ಮಗ್ಗುಲಲ್ಲಿ ನಿಂತಿರುವ ಕರಿಕಲ್ಲನ್ನು ನೀವು ನೋಡಿಯೇ ಇರುತ್ತೀರಿ. ಮೂರು ಮೀಟರ್ ಎತ್ತರ, ಐದು ಟನ್ ತೂಕ, ಆಫ್ರಿಕಾದ ಗ್ರಾನೈಟ್. ಮೆಟ್ರೋ ಇಳಿದು ಅಂಗಡಿ ಬೀದಿಗೆ ಹೊರಟವರು ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ. ಆ ಕಲ್ಲನ್ನೂ, ಮಾರ್ಚ್ 11ರಂದು ನೀವು ಮುಂದಿಟ್ಟ, ಇಲ್ಲಿರಲು ಹಕ್ಕಿಲ್ಲದವರನ್ನು ಯುರೋಪಿನಿಂದ ಹೊರಗೆ ಕಳಿಸುವ ವಾಪಸಾತಿ ಕಾನೂನಿನ ಕರಡನ್ನೂ ಒಟ್ಟಿಗೆ ಇಟ್ಟು ಮಾತಾಡಬೇಕು ಅಂತ ಈ ಪತ್ರ. ಜರ್ಮನ್ ಪ್ರತಿ ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು, ನನ್ನ ಹಾಗೆ ಕೆಲಸಕ್ಕೆಂದು ಯುರೋಪಿಗೆ ಬಂದ ನಮ್ಮವರು ಓದಲಿ ಅಂತ. ನಮ್ಮ ಹತ್ತಿರ ವೀಸಾ ಇದೆ, ಕಾರ್ಡ್ ಇದೆ, ನಮಗ್ಯಾಕೆ ಇದೆಲ್ಲ ಅಂತ ಸುಮ್ನೆ ಇರುವವರೇ ನಮ್ಮಲ್ಲಿ ಜಾಸ್ತಿ.

ಆ ಕಲ್ಲಿಗೆ ಮಾರ್ಕುಸ್ ಒಮೊಫುಮನ ಹೆಸರಿದೆ. ನೈಜೀರಿಯಾದವನು. ಆಸ್ಟ್ರಿಯಾದಲ್ಲಿ ಆಶ್ರಯ ಕೇಳಿದ್ದ, ಅರ್ಜಿ ತಿರಸ್ಕಾರವಾಗಿತ್ತು. 1999ರ ಮೇ 1, ಈ ಊರು ಕಾರ್ಮಿಕರ ದಿನದ ಮೆರವಣಿಗೆ ನಡೆಸುವ ದಿನ. ಅವತ್ತು ಮೂವರು ಪೊಲೀಸರು ಅವನನ್ನು ಗಡೀಪಾರು ಮಾಡಲು ಬಲ್ಗೇರಿಯಾದ ಸೋಫಿಯಾಕ್ಕೆ ಹೋಗುವ ವಿಮಾನ ಹತ್ತಿಸಿದರು. ಅವನು ಕೂಗಿದ, ಕೊಸರಾಡಿದ. ಪೊಲೀಸರು ಅಂಟು ಟೇಪ್ ತೆಗೆದು ಅವನನ್ನು ಸೀಟಿಗೇ ಸುತ್ತಿದರು. ಎದೆಯ ಮೇಲೆ ಸುತ್ತಿದರು. ಬಾಯಿಯ ಮೇಲೂ ಸುತ್ತಿದರು. ಅದು ಮಾಮೂಲಿ ಪ್ರಯಾಣಿಕರ ವಿಮಾನ, ಬೇರೆ ಸೀಟುಗಳಲ್ಲಿ ಜನ ಕೂತಿದ್ದರು. ಸೋಫಿಯಾ ತಲುಪುವ ಹೊತ್ತಿಗೆ ಅವನು ಸತ್ತಿದ್ದ. ವಯಸ್ಸು 25.

ಉಸಿರುಗಟ್ಟಿ ಸತ್ತಿದ್ದಾನೆ ಅಂತ ಬಲ್ಗೇರಿಯಾದ ವೈದ್ಯರು ಹೇಳಿದರು. ಹೃದಯದಲ್ಲೇ ತೊಂದರೆ ಇತ್ತು ಅಂತ ಇಲ್ಲಿನ ತಜ್ಞರು ವಾದ ಹೂಡಿದರು. 2002ರಲ್ಲಿ ಕೋರ್ಟು ಆ ಮೂವರಿಗೆ ಎಂಟು ತಿಂಗಳ ಶಿಕ್ಷೆ ಕೊಟ್ಟು, ಅದನ್ನೂ ಅಮಾನತಿನಲ್ಲಿಟ್ಟಿತು. ಆಗಿನ ಗೃಹಮಂತ್ರಿ ಕಾರ್ಲ್ ಶ್ಲೋಗ್ಲ್ ರಾಜೀನಾಮೆ ಕೊಡಲಿಲ್ಲ. ಫೈಲು ಅಲ್ಲಿಗೆ ಮುಗಿಯಿತು.

ಅದನ್ನು ಮುಗಿಯಲು ಬಿಡದವರು ಉಲ್ರಿಕೆ ಟ್ರೂಗರ್ ಅನ್ನುವ ಶಿಲ್ಪಿ. ಯಾವ ಇಲಾಖೆಯೂ ಈ ಕೆಲಸ ಮಾಡಿ ಅಂತ ಅವರನ್ನು ಕೇಳಿರಲಿಲ್ಲ. 2003ರ ಅಕ್ಟೋಬರ್ 10ರಂದು ಕಲ್ಲನ್ನು ತಂದು ಸ್ಟೇಟ್ ಒಪೆರಾದ ಹತ್ತಿರ ನಿಲ್ಲಿಸಿಯೇಬಿಟ್ಟರು. ಅನುಮತಿ ಇರಲಿಲ್ಲ. ಪೋಸ್ಟರ್ ಆಗಿದ್ದರೆ ಹರಿದು ಹಾಕಬಹುದಿತ್ತು, ಗೋಡೆಬರಹ ಆಗಿದ್ದರೆ ಬೆಳಗಾಗುವಷ್ಟರಲ್ಲಿ ಸುಣ್ಣ ಬಳಿಯಬಹುದಿತ್ತು. ಐದು ಟನ್ ಕಲ್ಲನ್ನು ಏನು ಮಾಡುತ್ತೀರಿ? ಅದರ ಜೊತೆ ಮಾತುಕತೆಗೆ ಕೂರಲೇಬೇಕಾಯಿತು. ನವೆಂಬರ್‌ನಲ್ಲಿ ಕಲ್ಲು ಈಗಿನ ಜಾಗಕ್ಕೆ ಬಂತು. 2014ರಲ್ಲಿ ಆ ಜಾಗಕ್ಕೆ ಮಾನವ ಹಕ್ಕುಗಳ ಚೌಕ ಅಂತ ಹೆಸರಿಟ್ಟರು.

ಕಲ್ಲು ನಿಲ್ಲಿಸುವುದಕ್ಕೂ ಮೂರು ವರ್ಷ ಮೊದಲು, 2000ರ ಜೂನ್‌ನಲ್ಲಿ, ಅದೇ ಒಪೆರಾದ ಪಕ್ಕ ಜರ್ಮನಿಯ ನಾಟಕ ನಿರ್ದೇಶಕ ಕ್ರಿಸ್ಟೋಫ್ ಶ್ಲಿಂಗೆನ್‌ಸೀಫ್ ಕಂಟೇನರ್‌ಗಳನ್ನು ನಿಲ್ಲಿಸಿ ಒಳಗೆ ಆಶ್ರಯ ಕೋರಿದವರನ್ನು ಕೂರಿಸಿದ್ದರು. ಯಾರನ್ನು ದೇಶದಿಂದ ಹೊರಗೆ ಹಾಕಬೇಕು ಅಂತ ಜನ ಟಿವಿ ಆಟದ ಹಾಗೆ ವೋಟು ಹಾಕಬೇಕಿತ್ತು. ಊರಿಗೆ ಊರೇ ಜಗಳಕ್ಕೆ ಬಿತ್ತು. ಒಂದು ವಾರದಲ್ಲಿ ಎಲ್ಲ ಮುಗಿಯಿತು. ಅದರ ಬಗ್ಗೆ ಪುಸ್ತಕಗಳೇ ಬಂದಿವೆ, ದೊಡ್ಡ ಕೆಲಸವೇ ಸರಿ. ಆದರೂ ನನ್ನ ಮನಸ್ಸು ಟ್ರೂಗರ್ ಅವರ ಕಲ್ಲಿನ ಕಡೆಗೇ. ಕಂಟೇನರ್ ನೋಡಿದವರು ಆಸ್ಟ್ರಿಯಾದ ಬಗ್ಗೆ ಜಗಳ ಆಡಿದರು. ಕಲ್ಲನ್ನು ನೋಡಿದವರು ಒಬ್ಬ ಮನುಷ್ಯನ ಹೆಸರು ಓದುತ್ತಾರೆ.

ಇದು ಆಸ್ಟ್ರಿಯಾದ ಕಥೆ ಮಾತ್ರ ಅಲ್ಲ, ನಿಮಗೂ ಗೊತ್ತು. ನಿಮ್ಮ ಕಚೇರಿ ಇರುವ ಬ್ರಸೆಲ್ಸ್‌ನಲ್ಲೇ 1998ರ ಸೆಪ್ಟೆಂಬರ್‌ನಲ್ಲಿ ಸೆಮಿರಾ ಅದಾಮು ಅನ್ನುವ 20 ವರ್ಷದ ಹುಡುಗಿಯ ಮುಖವನ್ನು ಪೊಲೀಸರು ವಿಮಾನದಲ್ಲಿ ದಿಂಬಿಗೆ ಒತ್ತಿ ಹಿಡಿದರು, ಅವಳು ಉಳಿಯಲಿಲ್ಲ. ಬೆಲ್ಜಿಯಂನ ಗೃಹಮಂತ್ರಿ ರಾಜೀನಾಮೆ ಕೊಟ್ಟರು. ಒಮೊಫುಮ ಸತ್ತು ನಾಲ್ಕು ವಾರ ತುಂಬುವ ಮೊದಲೇ, ಫ್ರಾಂಕ್‌ಫರ್ಟ್‌ನಿಂದ ಹೊರಟ ಲುಫ್ತಾನ್ಸಾ ವಿಮಾನದಲ್ಲಿ ಸುಡಾನಿನ ಆಮಿರ್ ಅಗೀಬ್ ಸತ್ತ. ಆಮೇಲೆ ಜರ್ಮನಿಯ ಕಲಾವಿದರು, ಹೋರಾಟಗಾರರು ಸೇರಿ ವಿಮಾನ ಕಂಪನಿಯ ಜಾಹೀರಾತಿನ ಧಾಟಿಯಲ್ಲೇ 'ಡಿಪೋರ್ಟೇಷನ್ ಕ್ಲಾಸ್' ಅಂತ ಪೋಸ್ಟರ್ ಮಾಡಿದರು.

ಕಲೆಯಿಂದ, ಪ್ರತಿಭಟನೆಯಿಂದ ಏನಾಗುತ್ತೆ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಒಮೊಫುಮನ ಸಾವಿಗೆ ಜನ ಬೀದಿಗಿಳಿದ ಮೇಲೇ, 1999ರಲ್ಲೇ, ಆಸ್ಟ್ರಿಯಾದಲ್ಲಿ ಪೊಲೀಸರ ಮೇಲೆ ಕಣ್ಣಿಡಲು ಮಾನವ ಹಕ್ಕುಗಳ ಸಲಹಾ ಮಂಡಳಿ ಬಂತು. 2008ರ ಯುರೋಪಿನ ನಿರ್ದೇಶನದಲ್ಲೂ ಬಲವಂತದ ವಾಪಸಾತಿಯ ಮೇಲೆ ನಿಗಾ ಇರಬೇಕು ಅಂತ ಬರೆದರು. ಇವೆಲ್ಲ ತಾವಾಗಿ ಬಂದವಲ್ಲ.

ಈಗ ನಿಮ್ಮ ಕರಡಿಗೆ ಬರುತ್ತೇನೆ. ಹೋಗಿ ಅಂತ ಆದೇಶ ಸಿಕ್ಕವರಲ್ಲಿ ಐದರಲ್ಲಿ ಒಬ್ಬರಷ್ಟೇ ಹೋಗುತ್ತಿದ್ದಾರೆ, ಅದಕ್ಕೇ ಈ ಕಾನೂನು ಅನ್ನುತ್ತೀರಿ. ಅರ್ಜಿ ತಿರಸ್ಕಾರವಾದ ಎಲ್ಲರೂ ಇಲ್ಲೇ ಇರಲಿ ಅಂತ ನಾನು ವಾದ ಮಾಡುತ್ತಿಲ್ಲ. ಆದರೆ ಕರಡು ಬಲವಂತವನ್ನು ಎಲ್ಲ ಕಡೆಯಿಂದಲೂ ಹೆಚ್ಚಿಸುತ್ತದೆ. ಬಂಧನದಲ್ಲಿಡುವ ಅವಧಿ 24 ತಿಂಗಳವರೆಗೆ ಹೋಗುತ್ತದೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಗಡೀಪಾರು ತಾನಾಗಿ ನಿಲ್ಲುವುದಿಲ್ಲ. ಜನರನ್ನು ಯುರೋಪಿನ ಹೊರಗೆ, ಅವರದ್ದಲ್ಲದ ದೇಶದ ಕೇಂದ್ರಗಳಿಗೂ ಕಳಿಸಬಹುದು. ಮಕ್ಕಳಿರುವ ಕುಟುಂಬಗಳನ್ನು ಈ ಕೇಂದ್ರಗಳಿಂದ ಹೊರಗಿಟ್ಟಿದ್ದೀರಿ, ಅದು ಒಳ್ಳೆಯದು. ನಿಗಾ ಇಡುವ ಮಾತೂ ಕರಡಿನಲ್ಲಿದೆ. ಅದನ್ನು ಇನ್ನೂ ಗಟ್ಟಿ ಮಾಡಿ ಅನ್ನುವುದೇ ನನ್ನ ಕೋರಿಕೆ.

ಬಲವಂತವಾಗಿ ಕಳಿಸುವ ಪ್ರತಿ ವಿಮಾನದಲ್ಲೂ ಪೊಲೀಸರಿಗೂ ಸರ್ಕಾರಕ್ಕೂ ಸೇರದ ಒಬ್ಬರಿಗೆ ಒಂದು ಸೀಟು ಬಿಡಿ. ಕೆಲವು ವಿಮಾನ ಆರಿಸಿಕೊಂಡು ನೋಡುವುದು ಸಾಲದು. ಅವರು ಬರೆದ ವರದಿ ಎಲ್ಲರಿಗೂ ಓದಲು ಸಿಗಲಿ. ವಿಮಾನ ಇಳಿದ ಮೇಲೂ, ಹೊರದೇಶದ ಆ ಕೇಂದ್ರದ ಬಾಗಿಲಿನ ಒಳಗೂ ಹೋಗಿ ನೋಡುವ ಹಕ್ಕು ಅವರಿಗಿರಲಿ. ಉಸಿರಾಟಕ್ಕೆ ಅಡ್ಡ ಬರುವ ಯಾವುದನ್ನೂ ಯಾರ ಮುಖದ ಮೇಲೂ ಹಾಕಬಾರದು ಅಂತ ಕಾನೂನಿನಲ್ಲೇ ಬರೆಯಿರಿ. ಒಮೊಫುಮನ ಪಕ್ಕದಲ್ಲಿ ಅಂಥ ಒಬ್ಬರು ಕೂತಿದ್ದರೆ, ಟೇಪ್ ಬಾಯಿಯವರೆಗೆ ಬರುವ ಮೊದಲೇ ಎದ್ದು ನಿಲ್ಲಿಸಿ ಅನ್ನುತ್ತಿದ್ದರು.

ಕರಡು ಇನ್ನೂ ನಿಮ್ಮೆಲ್ಲರ ಕೈಯಲ್ಲೇ ಇದೆ, ತಿದ್ದಲು ಅವಕಾಶ ಇದೆ. ಈ ಸಾಲುಗಳನ್ನು ಸೇರಿಸುತ್ತೀರಾ, ಇಲ್ಲವಾ? ಇಲ್ಲ ಅಂದರೆ ಯಾಕೆ ಅಂತ ಯುರೋಪಿಯನ್ ಪಾರ್ಲಿಮೆಂಟ್ ಮತ ಹಾಕುವ ಮೊದಲೇ ಬರಹದಲ್ಲಿ ತಿಳಿಸಿ.

ಇತಿ,
ವಿಯೆನ್ನಾದಲ್ಲಿರುವ ಒಬ್ಬ ಕನ್ನಡಿಗ